ಅಳಿವೆಯ ನೀರಿಗೆ ಫಿಶ್‌ಫೈಂಡರ್: ಕಯಾಕ್‌ಗೆ ಕೂರಿಸಿದ್ದು, ಓದಲು ಕಲಿತದ್ದು

ಕಯಾಕ್‌ಗೆ ಫಿಶ್‌ಫೈಂಡರ್ (ನೀರೊಳಗೆ ಸದ್ದು ಬಿಟ್ಟು, ಅದರ ಪ್ರತಿಧ್ವನಿಯನ್ನು ಪರದೆಯಲ್ಲಿ ಚಿತ್ರವಾಗಿ ತೋರಿಸುವ ಯಂತ್ರ) ಹಾಕಬೇಕು ಎನ್ನುವವರಿಗೆ ನಾನು ಮೊದಲು ಹೇಳುವ ಮಾತು, ನಮ್ಮ ಹಿನ್ನೀರಿನಲ್ಲಿ ಅದು ತಳ ನೋಡುವ ಸಾಧನ, ಅದರಿಂದ ಮೀನು ಎಣಿಸಲು ಹೋಗಬೇಡಿ. ನಾನು ಗಾಳ ಹಾಕುವುದು ಸ್ವರ್ಣಾ, ಸೀತಾ ನದಿಗಳು ಕೋಡಿ ಬೆಂಗ್ರೆಯ ಬಳಿ ಕಡಲು ಸೇರುವ ಅಳಿವೆಯ ಒಳಭಾಗದಲ್ಲಿ. ಕೆಮ್ಮಣ್ಣು ಕಡೆಯ ಕುದ್ರುಗಳ (ನದಿ ನಡುವಿನ ದ್ವೀಪಗಳ) ಸುತ್ತ ಬಹುಪಾಲು ಜಾಗದಲ್ಲಿ ಎರಡರಿಂದ ಐದು ಮೀಟರ್ ನೀರು. ಇಷ್ಟು ಕಡಿಮೆ ಆಳದಲ್ಲಿ ದೋಣಿಯ ನೆರಳು ಬಿದ್ದರೆ, ಹುಟ್ಟಿನ ಸದ್ದು ಕೇಳಿದರೆ ಮೀನು ಪಕ್ಕಕ್ಕೆ ಸರಿಯುತ್ತದೆ, ಪರದೆಗೆ ಸಿಗುವುದಿಲ್ಲ. ಹೊಯಿಗೆ (ಮರಳು) ತೆಗೆದ ಹೊಂಡ, ಕಲ್ಲು, ಸಿಂಪಿ ಹಿಡಿದ ಗಟ್ಟಿ ತಳ, ನೀರಿನ ಹರಿವು ಕೊರೆದ ಅಂಚು ಮಾತ್ರ ಎಲ್ಲೂ ಹೋಗುವುದಿಲ್ಲ. ಕೆಂಬೇರಿ, ಮುರು ಮೀನುಗಳು ಇರುವುದು ಅಂಥ ಕಡೆಗಳಲ್ಲೇ.

ಸೆಟ್ ದೊಡ್ಡದು ಬೇಡ. ನಾನು ಬಳಸುವುದು ಗಾರ್ಮಿನ್ ಸ್ಟ್ರೈಕರ್ ವಿವಿಡ್ 4ಸಿವಿ, ಪರದೆ 4.3 ಇಂಚು. ಸಾಮಾನ್ಯ ಸೋನಾರ್ 77 ಮತ್ತು 200 ಕಿಲೋಹರ್ಟ್ಸ್‌ನಲ್ಲಿ, ಕ್ಲಿಯರ್‌ವ್ಯೂ ಎನ್ನುವ ಸೂಕ್ಷ್ಮ ಚಿತ್ರ 455 ಮತ್ತು 800ರಲ್ಲಿ. ಬೇರೆ ಕಂಪನಿಯ ಸೆಟ್ ಆದರೂ ಸರಿ, ಮೂರು ಸೌಲಭ್ಯ ಇದೆಯೇ ನೋಡಿಕೊಳ್ಳಿ: ಪರದೆ ಎಷ್ಟು ಆಳದವರೆಗೆ ತೋರಿಸಬೇಕು ಎಂಬ ಆಳದ ವ್ಯಾಪ್ತಿಯನ್ನೂ, ಪ್ರತಿಧ್ವನಿಯನ್ನು ಎಷ್ಟು ಹಿಗ್ಗಿಸಬೇಕು ಎಂಬ ಗೇನನ್ನೂ ಕೈಯಾರೆ ಹೊಂದಿಸಲು ಬರಬೇಕು, ಜಿಪಿಎಸ್ ಗುರುತು ಹಾಕಲು ಬರಬೇಕು, ಬಿಸಿಲಲ್ಲಿ ಪರದೆ ಕಾಣಬೇಕು. ಏಳು ಇಂಚಿನ ಪರದೆ ಚೆಂದವೇ. ಆದರೆ ಅದಕ್ಕೆ ಬೇಕಾದ ಬ್ಯಾಟರಿಯ ಭಾರ, ಗಾಳ ಬೀಸುವಾಗ ದಾರ ಸಿಕ್ಕಿಕೊಳ್ಳುವ ರಗಳೆ ಎರಡೂ ಕಯಾಕ್‌ಗೆ ಹೆಚ್ಚಾಯಿತು.

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯೂ ನಡೆಯುತ್ತದೆ, ಆದರೆ ಎರಡು ಕಿಲೋ ಮೇಲೆ ತೂಗುತ್ತದೆ, ಚಾರ್ಜ್ ಇಳಿದಂತೆ ವೋಲ್ಟೇಜೂ ಇಳಿಯುತ್ತದೆ. 12.8 ವೋಲ್ಟ್‌ನ 6 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ಕಿಲೋದೊಳಗೆ ಬರುತ್ತದೆ. ನಾಲ್ಕಿಂಚಿನ ಸೆಟ್ ಎಳೆಯುವುದು ಸುಮಾರು ಅರ್ಧ ಆಂಪಿಯರ್‌ನೊಳಗೆ, ಹಾಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಸಾಕು. ಈ ಬ್ಯಾಟರಿಯ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿ ಪರದೆಯಲ್ಲಿ ಕಾಣುವ ವೋಲ್ಟ್ ನೋಡಿ ಇನ್ನೆಷ್ಟು ಉಳಿದಿದೆ ಎಂದು ಲೆಕ್ಕ ಹಾಕಲಾಗದು. ಚಾರ್ಜರ್ ಅದರದ್ದೇ, 14.6 ವೋಲ್ಟ್‌ನದು, ಇರಬೇಕು. ಫ್ಯೂಸ್ ಪಾಸಿಟಿವ್ ತುದಿಗೆ ಆದಷ್ಟು ಹತ್ತಿರ, ಬ್ಯಾಟರಿ ಇಡುವ ಡಬ್ಬಿಯ ಒಳಗೇ. ಎಷ್ಟು ಆಂಪಿಯರ್‌ನದು ಎಂಬುದನ್ನು ಸೆಟ್‌ನ ಪುಸ್ತಕ ನೋಡಿ ಹಾಕಿ. ಸಣ್ಣ ಸೆಟ್‌ಗಳಿಗೆ ಸಾಮಾನ್ಯವಾಗಿ 3. ಡಬ್ಬಿಗೆ ರಬ್ಬರ್ ಬಳೆ, ನಾಲ್ಕು ಕಡೆ ಕ್ಲಿಪ್ ಇರುವ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಯೇ ಸಾಕು, ತಂತಿ ಹೊರಬರುವ ತೂತಿಗೆ ನೀರು ನುಗ್ಗದಂತೆ ಬಿಗಿಯುವ ಕೇಬಲ್ ಗ್ಲ್ಯಾಂಡ್ ಹಾಕಿ. ಸೀಟಿನ ಹಿಂದೆ ಇಟ್ಟು ಬೆಲ್ಟ್‌ನಿಂದ ಬಿಗಿಯಬೇಕು. ಕಯಾಕ್ ಮಗುಚಿದಾಗ ಸಡಿಲ ಬ್ಯಾಟರಿ ಮೊದಲು ಕೀಳುವುದು ಕನೆಕ್ಟರನ್ನೇ.

ಉಪ್ಪುನೀರಿನಲ್ಲಿ ಸೆಟ್ ಕೆಡುವುದಕ್ಕಿಂತ ಹೆಚ್ಚು ಕೆಡುವುದು ತಂತಿಯ ಜೋಡಣೆ. ತಿರುಚಿ ಟೇಪ್ ಸುತ್ತಿದ ಜಾಯಿಂಟ್‌ನೊಳಗೆ ತಾಮ್ರ ಹಸಿರಾಗಿ, ಸೆಟ್ ಆಗಾಗ ತಾನೇ ಆಫ್ ಆಗಿ ಆನ್ ಆಗತೊಡಗುತ್ತದೆ. ದೂರು ಹೋಗುವುದು ಮಾತ್ರ ಸೆಟ್ ಮೇಲೆ. ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಕೊಳವೆ ಏರಿಸಿದರೆ ಈ ತೊಂದರೆ ಇಲ್ಲ. ಕನೆಕ್ಟರ್ ಪಿನ್‌ಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ. ಸದ್ದು ಬಿಟ್ಟು ಪ್ರತಿಧ್ವನಿ ಹಿಡಿಯುವ ಭಾಗವಾದ ಟ್ರಾನ್ಸ್‌ಡ್ಯೂಸರ್‌ನ ಕೇಬಲ್ ಉದ್ದವಾಯಿತೆಂದು ಕತ್ತರಿಸಿ ಜೋಡಿಸಬೇಡಿ. ಉಳಿದದ್ದನ್ನು ದೊಡ್ಡ ಸುರುಳಿ ಮಾಡಿ ಒಳಗೆ ಕಟ್ಟಿಡಿ.

ಇನ್ನು ಟ್ರಾನ್ಸ್‌ಡ್ಯೂಸರ್ ಎಲ್ಲಿ ಕೂರಿಸುವುದು. ಉಳಿದ ಕೆಲಸವೆಲ್ಲ ಇದರ ಮೇಲೆ ನಿಂತಿದೆ.

ಮೊದಲ ದಾರಿ, ಕಯಾಕ್‌ನ ಒಳಗೇ ತಳಕ್ಕೆ ಅಂಟಿಸುವುದು. ಅಚ್ಚಿನಲ್ಲಿ ಹೊಯ್ದ ಪಾಲಿಎಥಿಲೀನ್ ಕಯಾಕ್‌ನಲ್ಲಿ ತಳದ ದಪ್ಪ ಕೆಲವೇ ಮಿಲಿಮೀಟರ್, ಅದನ್ನು ದಾಟಿ 77, 200 ಕಿಲೋಹರ್ಟ್ಸ್ ಸದ್ದು ಹೋಗಿ ಬರುತ್ತದೆ. ಗಾಳಿ ತುಂಬುವ ಕಯಾಕ್‌ನಲ್ಲಿ ಇದು ಆಗದ ಮಾತು, ಸದ್ದಿಗೆ ಗಾಳಿಯೇ ಗೋಡೆ. ಪಾಲಿಎಥಿಲೀನ್‌ಗೆ ಎಪಾಕ್ಸಿ ಹಿಡಿಯುವುದಿಲ್ಲ, ಕೆಲವು ದಿನಕ್ಕೆ ಸಿಪ್ಪೆಯಂತೆ ಏಳುತ್ತದೆ. ಸಪಾಟಾದ ಜಾಗ ಆರಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ದಪ್ಪ ಫೋಮ್‌ನಿಂದ ಚೌಕದ ಕಟ್ಟೆ ಕಟ್ಟಿ, ನಡುವೆ ಮರೈನ್ ಸಿಲಿಕೋನ್ ಧಾರಾಳವಾಗಿ ಸುರಿದು, ಟ್ರಾನ್ಸ್‌ಡ್ಯೂಸರನ್ನು ಒತ್ತಿ ಅತ್ತಿತ್ತ ತಿರುಗಿಸುತ್ತ ಕೂರಿಸಬೇಕು. ಒಳಗೆ ಒಂದು ಗುಳ್ಳೆ ಉಳಿದರೂ ತಳದ ಗೆರೆ ಮಸುಕಾಗುತ್ತದೆ, ಆಮೇಲೆ ಗೇನ್ ಏರಿಸಿ ಪ್ರಯೋಜನವಿಲ್ಲ. ಅಂಟಿಸುವ ಮುನ್ನ ಪರೀಕ್ಷೆ ಸುಲಭ: ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಟ್ರಾನ್ಸ್‌ಡ್ಯೂಸರ್ ಹಾಕಿ, ತಳವನ್ನೂ ಒದ್ದೆ ಮಾಡಿ ಅದರ ಮೇಲಿಟ್ಟು, ನೀರಿಗಿಳಿದು ನೋಡಿ. ಅಲ್ಲಿ ತಳ ಸ್ಪಷ್ಟ ಕಂಡರೆ ಅಂಟಿಸಿದ ಮೇಲೂ ಕಾಣುತ್ತದೆ. ಹೀಗೆ ಮಾಡಿದಾಗ ಕಳೆದುಕೊಳ್ಳುವುದು ಎರಡು. ಕ್ಲಿಯರ್‌ವ್ಯೂ ಚಿತ್ರ ಹೆಸರಿಗಷ್ಟೇ ಉಳಿಯುತ್ತದೆ, ಉಷ್ಣಾಂಶ ತೋರಿಸುವುದು ನೀರಿನದ್ದಲ್ಲ, ಕಯಾಕ್ ತಳದ್ದು.

ಈ ಎರಡೂ ನನಗೆ ಬೇಕಿದ್ದರಿಂದ ನಾನು ಆರಿಸಿದ್ದು ಪಕ್ಕದ ತೋಳು. ಕಯಾಕ್‌ನ ಅಂಚಿನ ಗೇರ್ ಟ್ರ್ಯಾಕ್ ಎಂಬ ಹಳಿಗೆ ಕೂರುವ ಒಂದು ಬುಡ, ಅದರಲ್ಲಿ ತಿರುಗುವ 20 ಮಿಲಿಮೀಟರ್ ಚೌಕದ ಅಲ್ಯೂಮಿನಿಯಂ ಪೈಪ್, ಪೈಪ್‌ನ ತುದಿಗೆ ಟ್ರಾನ್ಸ್‌ಡ್ಯೂಸರ್. ಕುಳಿತಾಗ ಸೊಂಟಕ್ಕಿಂತ ಸ್ವಲ್ಪ ಹಿಂದೆ ಇರಲಿ. ಕೈಗೆ ಎಟುಕುತ್ತದೆ, ಹುಟ್ಟು ತಾಗುವುದಿಲ್ಲ. ತೋಳನ್ನು ಬೋಲ್ಟ್‌ನಿಂದ ಗಟ್ಟಿ ಬಿಗಿಯಬಾರದು, ಮುಂದಕ್ಕೆ ಎಳೆದು ಹಿಡಿಯುವ ರಬ್ಬರ್ ಹಗ್ಗ ಹಾಕಿ. ಕಾಂಡ್ಲಾ ಗಿಡದ ಬೇರಿಗೋ ಬಲೆಯ ಗೂಟಕ್ಕೋ ಬಡಿದರೆ ತೋಳು ಹಿಂದಕ್ಕೆ ಮಡಚಿ ಮತ್ತೆ ಬಂದು ನಿಲ್ಲುತ್ತದೆ. ಬಿಗಿದ ತೋಳಾದರೆ ಟ್ರ್ಯಾಕನ್ನೇ ಕಿತ್ತುಕೊಂಡು ಹೋದೀತು.

ಟ್ರಾನ್ಸ್‌ಡ್ಯೂಸರ್‌ನ ಮುಖ ಕಯಾಕ್ ತಳಕ್ಕಿಂತ ಎರಡು–ಮೂರು ಸೆಂಟಿಮೀಟರ್ ಕೆಳಗಿರಲಿ. ಅದಕ್ಕಿಂತ ಮೇಲಿದ್ದರೆ ಒಂದು ಬದಿಯ ಸದ್ದನ್ನು ಕಯಾಕೇ ತಡೆಯುತ್ತದೆ. ಮಟ್ಟ ನೋಡುವುದು ದಡದಲ್ಲಲ್ಲ. ನೀವು ಕುಳಿತು ಸಾಮಾನೆಲ್ಲ ತುಂಬಿದ ಮೇಲೆ ಹಿಂಭಾಗ ತಗ್ಗುತ್ತದೆ, ಆಗ ಮಟ್ಟ ನೋಡಿ ಹೊಂದಿಸಬೇಕು. ಮುಂದಕ್ಕೋ ಹಿಂದಕ್ಕೋ ವಾಲಿದ್ದರೆ ಮೀನು ಕೆಳಗೆ ದಾಟಿದಾಗ ಪರದೆಯಲ್ಲಿ ಬೀಳುವ ಕಮಾನು ಅರ್ಧವೇ ಮೂಡುತ್ತದೆ. ಹೊಸ ಟ್ರಾನ್ಸ್‌ಡ್ಯೂಸರ್ ಮುಖಕ್ಕೆ ಪಾತ್ರೆ ತೊಳೆಯುವ ಸೋಪಿನ ನೀರು ಸವರಿ ತೊಳೆಯಿರಿ, ಇಲ್ಲದಿದ್ದರೆ ಸಣ್ಣ ಗುಳ್ಳೆಗಳು ಅಂಟಿಕೊಂಡು ಮೊದಲ ಹೊತ್ತೆಲ್ಲ ಚಿತ್ರ ಕಲಸಿಹೋಗುತ್ತದೆ.

ಸೆಟ್ ಆನ್ ಮಾಡಿದಾಗ ಬರುವ ಸ್ವಯಂಚಾಲಿತ ಹೊಂದಾಣಿಕೆಗಳು ಎಲ್ಲ ಬಗೆಯ ನೀರಿಗೂ ಒಟ್ಟಿಗೆ ಸರಿಹೋಗಲೆಂದು ಮಾಡಿದಂಥವು. ಮೂರು ಮೀಟರ್ ನೀರಿನಲ್ಲಿ ಅವುಗಳಲ್ಲಿ ಹಲವನ್ನು ತೆಗೆಯಲೇಬೇಕು. ಮೀನಿನ ಚಿಹ್ನೆ ತೋರಿಸುವುದನ್ನು ಮೊದಲು ಆಫ್ ಮಾಡಿ. ತೇಲುವ ಎಲೆ, ಗುಳ್ಳೆ, ಕೊಂಬೆ ಎಲ್ಲಕ್ಕೂ ಅದು ಮೀನಿನ ಚಿತ್ರ ಬಿಡಿಸುತ್ತದೆ. ಮೇಲ್ಮೈ ಗದ್ದಲ ಅಡಗಿಸುವ ಹೊಂದಾಣಿಕೆಯನ್ನೂ ತೆಗೆಯಿರಿ, ಅದು ಗದ್ದಲದ ಜೊತೆ ಮೇಲಿನ ಒಂದು ಮೀಟರಿನಲ್ಲಿರುವುದನ್ನೂ ಅಳಿಸುತ್ತದೆ. ಇರುವುದೇ ಮೂರು ಮೀಟರ್, ಅದರಲ್ಲಿ ಒಂದು ಹೋದರೆ ಉಳಿಯುವುದೇನು?

ಆಳದ ವ್ಯಾಪ್ತಿಯನ್ನು ನೀರಿನ ಆಳದ ಎರಡು ಪಟ್ಟಿಗಿಂತ ತುಸು ಹೆಚ್ಚಿಡಿ. ನಾಲ್ಕು ಮೀಟರ್ ನೀರಾದರೆ ಒಂಬತ್ತು. ಅರ್ಧ ಪರದೆ ಖಾಲಿ ಬಿಟ್ಟಂತೆ ಕಂಡರೂ, ಎರಡನೇ ಪ್ರತಿಧ್ವನಿ ಮೂಡುವುದು ಆ ಜಾಗದಲ್ಲೇ. ಸದ್ದು ಗಟ್ಟಿ ತಳಕ್ಕೆ ಬಡಿದು ಮೇಲೆ ಬಂದು, ನೀರಿನ ಮೇಲ್ಮೈಯಿಂದ ಮತ್ತೆ ಕೆಳಗೆ ಹೋಗಿ ಎರಡನೇ ಸಲ ವಾಪಸು ಬಂದಾಗ, ನಿಜವಾದ ಆಳದ ಎರಡರಷ್ಟಕ್ಕೆ ಇನ್ನೊಂದು ಗೆರೆ ಬೀಳುತ್ತದೆ. ಕೆಸರು ಸದ್ದನ್ನು ನುಂಗುತ್ತದೆ, ಅಲ್ಲಿ ಎರಡನೇ ಗೆರೆ ಬರುವುದಿಲ್ಲ, ಬಂದರೂ ಮಸುಕು. ಅಳಿವೆಯಲ್ಲಿ ಇಡೀ ಪರದೆಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ಗೆರೆ ಇದೇ ಎಂಬುದು ನನ್ನ ಅಭಿಪ್ರಾಯ. ಸ್ವಯಂಚಾಲಿತ ವ್ಯಾಪ್ತಿಯಲ್ಲಿ ಅದು ಪರದೆಯಿಂದ ಹೊರಗೇ ಉಳಿದುಬಿಡುತ್ತದೆ.

ಗೇನ್ ಹೊಂದಿಸಲು, ಪರದೆಯ ತುಂಬ ಚುಕ್ಕೆ ಬೀಳುವವರೆಗೆ ಏರಿಸಿ, ನಂತರ ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಉಳಿಯುವಷ್ಟು ಇಳಿಸಿ. ಸರಿಯಾಯಿತೇ ಎಂದು ತಿಳಿಯಲು ನಂಗುರ ಹಾಕಿ ನಿಂತು, 30 ಗ್ರಾಂ ಭಾರದ ಜಿಗ್ ಗಾಳವನ್ನು ಟ್ರಾನ್ಸ್‌ಡ್ಯೂಸರ್‌ನ ನೇರ ಕೆಳಗೆ ಬಿಡಿ. ಇಳಿಯುವಾಗ ಓರೆ ಗೆರೆ, ನಿಲ್ಲಿಸಿದರೆ ಅಡ್ಡ ಗೆರೆ, ಎತ್ತಿ ಬಿಟ್ಟರೆ ಅಲೆಯಂತೆ ಗೆರೆ ಕಾಣಬೇಕು. ಕಾಣದಿದ್ದರೆ ಗೇನ್ ಕಡಿಮೆ, ಅಥವಾ ಟ್ರಾನ್ಸ್‌ಡ್ಯೂಸರ್ ವಾಲಿದೆ. ಈ ಒಂದು ಪರೀಕ್ಷೆಯಿಂದ ಪರದೆಯ ಗುಟ್ಟೂ ತಿಳಿಯುತ್ತದೆ. ಬಲ ಅಂಚಿನಲ್ಲಿರುವುದಷ್ಟೇ ಈ ಕ್ಷಣದ್ದು, ಎಡಕ್ಕೆ ಸರಿದದ್ದೆಲ್ಲ ಆಗಲೇ ಮುಗಿದದ್ದು. ಪರದೆಯ ಅಗಲ ತೋರಿಸುವುದು ಸಮಯವನ್ನು, ದೂರವನ್ನಲ್ಲ. ನಿಂತ ಕಯಾಕ್‌ನ ಕೆಳಗೆ ಅಂಗೈಯಷ್ಟು ಮೀನು ಅಲುಗದೆ ನಿಂತರೂ ಉದ್ದ ಗೆರೆ ಬೀಳುತ್ತದೆ. ಮೀನಿನ ಗಾತ್ರ ಅಂದಾಜಿಸಲು ಗೆರೆಯ ದಪ್ಪವನ್ನೂ ಬಣ್ಣದ ಗಾಢತೆಯನ್ನೂ ನೋಡಬೇಕು, ಉದ್ದವನ್ನಲ್ಲ.

ಸದ್ದು ಕೆಳಗೆ ಹೋಗುವುದು ಶಂಕುವಿನಾಕಾರದಲ್ಲಿ. ಈ ಟ್ರಾನ್ಸ್‌ಡ್ಯೂಸರ್‌ನಲ್ಲಿ 200 ಕಿಲೋಹರ್ಟ್ಸ್‌ಗೆ ಶಂಕುವಿನ ಕೋನ ಸುಮಾರು 15 ಡಿಗ್ರಿ, 77ಕ್ಕೆ ಸುಮಾರು 45. ಮೂರು ಮೀಟರ್ ಆಳದಲ್ಲಿ ಮೊದಲನೆಯದು ನೋಡುವುದು ಸುಮಾರು 80 ಸೆಂಟಿಮೀಟರ್ ಅಗಲದ ವೃತ್ತ, ಎರಡನೆಯದು ಸುಮಾರು ಎರಡೂವರೆ ಮೀಟರ್‌ನದು. ತಳ ಓದಲು 200 ಒಳ್ಳೆಯದು, ಹೊಂಡದ ಅಂಚು ಚೂಪಾಗಿ ಕಾಣುತ್ತದೆ. 77ರಲ್ಲಿ ಅಂಚು, ಹೊಂಡ, ಪಕ್ಕದ ದಿಬ್ಬ ಎಲ್ಲ ಒಂದರ ಮೇಲೊಂದು ಬಂದು, ಇಳಿಜಾರು ತಳ ದಪ್ಪಗೆ ಮೆತ್ತಿದಂತೆ ಕಂಡು, ಕೆಸರೆಂದು ಮೋಸ ಹೋಗುವ ಸಂಭವ ಹೆಚ್ಚು. ನೀರು ಸಿಹಿಯೋ ಉಪ್ಪೋ ಎಂಬ ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಡಿ. ಸದ್ದಿನ ವೇಗ ಎರಡಕ್ಕೂ ಶೇಕಡಾ ಎರಡು–ಮೂರರಷ್ಟು ಬೇರೆ, ನಾಲ್ಕು ಮೀಟರಿನಲ್ಲಿ ಅದು ಹತ್ತು ಸೆಂಟಿಮೀಟರ್ ಆಸುಪಾಸು.

ಓದಲು ಕಲಿಯಲು ಗೊತ್ತಿರುವ ಜಾಗವೇ ಬೇಕು. ಸೇತುವೆಯ ಕಂಬದ ಬುಡ, ದಕ್ಕೆಯ ಕಲ್ಲು, ಇಳಿತದಲ್ಲಿ ಮೇಲೆದ್ದು ಕಾಣುವ ಹೊಯಿಗೆ ದಿಬ್ಬ. ಇಳಿತದಲ್ಲಿ ಕಣ್ಣಾರೆ ನೋಡಿಟ್ಟು, ಭರತದಲ್ಲಿ ಅದರ ಮೇಲೆ ಗಂಟೆಗೆ ಮೂರು–ನಾಲ್ಕು ಕಿಲೋಮೀಟರ್ ವೇಗದಲ್ಲಿ ನೇರ ಗೆರೆ ಹಾಕಿದಂತೆ ಹೋಗಿ. ಹೊಯಿಗೆ, ಕೆಸರು, ಕಲ್ಲು ಪರದೆಯಲ್ಲಿ ಹೇಗೆ ಬೇರೆ ಬೇರೆ ಎಂಬುದು ಹೀಗೇ ಕಣ್ಣಿಗೆ ಹತ್ತಬೇಕು. ಅನುಮಾನ ಬಂದ ಕಡೆ 50 ಗ್ರಾಂ ಸೀಸದ ಗುಂಡನ್ನು ಕೈದಾರದಲ್ಲಿ ಬಿಟ್ಟು ನೋಡಿ. ಕಲ್ಲಿಗೆ ಟಕ್ಕೆಂದು ಬಡಿದು ಬೆರಳಿಗೆ ತಿಳಿಯುತ್ತದೆ, ಹೊಯಿಗೆಯ ಮೇಲೆ ಎಳೆದರೆ ಜರಜರ ಎನ್ನುತ್ತದೆ, ಕೆಸರಿನಲ್ಲಿ ಸದ್ದಿಲ್ಲದೆ ಹೂತು, ಎತ್ತುವಾಗ ಹಿಡಿದೆಳೆದಂತೆ ಭಾರವಾಗುತ್ತದೆ. ಎರಡನೇ ಪ್ರತಿಧ್ವನಿ ಗಟ್ಟಿಯಾಗಿರುವಲ್ಲೆಲ್ಲ ಗುಂಡು ಬಡಿದೇ ಬಡಿಯುತ್ತದೆ. ಕೆಲವು ಸಲ ಹೀಗೆ ತಾಳೆ ನೋಡಿದ ಮೇಲೆ ಗುಂಡು ಬೇಕಾಗುವುದಿಲ್ಲ.

ನಮ್ಮ ನೀರಿನಲ್ಲಿ ಹೊಸಬರನ್ನು ದಿಕ್ಕು ತಪ್ಪಿಸುವ ಇನ್ನೊಂದಿದೆ. ಮಳೆ ಬಿಟ್ಟ ಹೊಸತರಲ್ಲಿ ನದಿಯ ಸಿಹಿನೀರು ಮೇಲೆ, ಕಡಲ ಉಪ್ಪುನೀರು ಕೆಳಗೆ ಪದರವಾಗಿ ನಿಲ್ಲುತ್ತದೆ. ಎರಡರ ನಡುವಿನ ಗಡಿಯೂ ಸದ್ದನ್ನು ಸ್ವಲ್ಪ ಹಿಂದಕ್ಕೆ ಕಳಿಸುತ್ತದೆ. ಪರದೆಯಲ್ಲಿ ಅರ್ಧ ಆಳಕ್ಕೆ ಮಂಜಿನಂಥ ಅಡ್ಡಪಟ್ಟಿ ಕಂಡರೆ ಯಂತ್ರ ಕೆಟ್ಟಿತೆಂದು ಗೇನ್ ಇಳಿಸಬೇಡಿ. ಆ ಪಟ್ಟಿ ಎಷ್ಟು ಆಳದಲ್ಲಿದೆ ನೋಡಿಕೊಂಡು, ಗಾಳವನ್ನು ಅದರ ಕೆಳಗೆ ಇಳಿಸಿ.

ಜಾಗದ ಗುರುತು ಹಾಕುವಾಗ ಒಂದು ಎಚ್ಚರ. ಕಲ್ಲು ಪರದೆಯಲ್ಲಿ ಕಂಡು, ನೀವು ಗುಂಡಿ ಒತ್ತುವಷ್ಟರಲ್ಲಿ ಕಯಾಕ್ ಮುಂದೆ ಹೋಗಿರುತ್ತದೆ, ಜಿಪಿಎಸ್‌ನ ಕೆಲವು ಮೀಟರ್ ತಪ್ಪು ಬೇರೆ. ಚಿತ್ರವನ್ನು ನಿಲ್ಲಿಸಿ ಕರ್ಸರನ್ನು ಹಿಂದಕ್ಕೆ ಒಯ್ದು ಗುರುತು ಹಾಕುವ ಸೌಲಭ್ಯ ಇದ್ದರೆ ಅದನ್ನೇ ಬಳಸಿ, ಇಲ್ಲವಾದರೆ ಎದುರು ದಿಕ್ಕಿನಿಂದಲೂ ದಾಟಿ ಇನ್ನೊಂದು ಗುರುತು ಹಾಕಿ. ಕಲ್ಲು ಇರುವುದು ಎರಡರ ನಡುವೆ. ಆಳದ ನಕ್ಷೆಯನ್ನು ತಾನೇ ಬರೆಯುವ ಕ್ವಿಕ್‌ಡ್ರಾ ಎಂಬ ಸೌಲಭ್ಯ ಈ ಸೆಟ್‌ನಲ್ಲಿದೆ. ಇಲ್ಲಿ ಭರತ ಇಳಿತದ ವ್ಯತ್ಯಾಸ ಒಂದು ಮೀಟರ್ ದಾಟುವ ದಿನಗಳಿವೆ, ಎರಡೂ ಹೊತ್ತಿನ ದಾಖಲೆ ಬೆರೆತರೆ ಇಲ್ಲದ ಹೊಂಡಗಳು ನಕ್ಷೆಯಲ್ಲಿ ಏಳುತ್ತವೆ. ನಾನು ಅದನ್ನು ಆನ್ ಮಾಡುವುದು ಭರತ ತುಂಬಿ ನೀರು ನಿಂತ ಹೊತ್ತಿನಲ್ಲಿ ಮಾತ್ರ. ಹಂಗಾರಕಟ್ಟೆಯ ಬಾರ್ಜ್ ಓಡಾಡುವ ದಾರಿಯಲ್ಲಿ ಪರದೆ ನೋಡುತ್ತ ಕೂರುವುದಂತೂ ಬೇಡ.

ದಡ ಸೇರಿದ ಮೇಲೆ ಸೆಟ್, ಟ್ರಾನ್ಸ್‌ಡ್ಯೂಸರ್, ಬುಡ ಎಲ್ಲಕ್ಕೂ ಸಿಹಿನೀರು ಹಾಕಿ. ಪರದೆಯ ಮೇಲೆ ಉಪ್ಪು ಒಣಗಿರುವಾಗ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ, ಮೊದಲು ನೀರಲ್ಲಿ ಕರಗಿಸಿ ಆಮೇಲೆ ಒರೆಸಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೆಗೆದಿಡುವುದಾದರೆ ಲಿಥಿಯಂ ಬ್ಯಾಟರಿಯನ್ನು ತುಂಬ ಚಾರ್ಜ್ ಮಾಡದೆ ಅರ್ಧದಷ್ಟಿರುವಾಗ, ಫ್ಯೂಸ್ ಕಳಚಿ, ಒಣ ಜಾಗದಲ್ಲಿಡಿ. ಕಳಚಿದ ಫ್ಯೂಸನ್ನೂ ಒಂದು ಹೆಚ್ಚುವರಿ ಫ್ಯೂಸನ್ನೂ ಅದೇ ಡಬ್ಬಿಯ ಮುಚ್ಚಳದ ಒಳಗೆ ಟೇಪ್ ಹಾಕಿ ಅಂಟಿಸಿಟ್ಟರೆ ಮತ್ತೆ ಹುಡುಕುವ ಕೆಲಸವಿಲ್ಲ.