ಹೈದರಾಬಾದ್ ಟೂರಿನ ಬಿಡುವಿನ ದಿನ: ಸಾಲಾರ್ ಜಂಗ್ ಮ್ಯೂಸಿಯಂ ನೋಡುವುದು ಹೇಗೆ

ಬಸ್ಸು ಮಾಡಿಕೊಂಡು ಹೈದರಾಬಾದಿಗೆ ಹೋಗುವ ತಂಡಗಳು ಗೋಲ್ಕೊಂಡ, ಫಿಲ್ಮ್ ಸಿಟಿ ಮುಗಿಸಿ ಒಂದು ದಿನ ಬಿಡುವು ಇಟ್ಟುಕೊಳ್ಳುವುದುಂಟು. ಆ ದಿನ ಮ್ಯೂಸಿಯಂ ನೋಡುವುದಾದರೆ ಮೊದಲು ಅದು ಯಾವ ವಾರ ಬೀಳುತ್ತದೆ ನೋಡಿಕೊಳ್ಳಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ, ಅಲ್ಲೂ ಹಾಗೇ ಇರುತ್ತದೆ ಅಂದುಕೊಂಡು ಹೋದವರು ಗೇಟಿನಿಂದ ವಾಪಸ್ ಬರುತ್ತಾರೆ. ಸಾಲಾರ್ ಜಂಗ್, ಚೌಮಹಲ್ಲಾ ಅರಮನೆ, ಪುರಾನಿ ಹವೇಲಿಯ ನಿಜಾಮ್ ಮ್ಯೂಸಿಯಂ, ಮೂರೂ ಶುಕ್ರವಾರ ಬಂದ್. ನಿಮ್ಮ ಬಿಡುವು ಶುಕ್ರವಾರ ಬಿದ್ದಿದ್ದರೆ ಅವತ್ತು ಗೋಲ್ಕೊಂಡ ಇಟ್ಟುಕೊಂಡು ಮ್ಯೂಸಿಯಂ ಇನ್ನೊಂದು ದಿನಕ್ಕೆ ಹಾಕಿ.

ಒಂದೇ ದಿನ ನಾಲ್ಕು ಕಡೆ ಹೋಗುವ ಪಟ್ಟಿ ಮಾಡಬೇಡಿ. ನಲವತ್ತು ಜನರ ತಂಡಕ್ಕೆ ಪ್ರತಿ ಕಡೆಯೂ ಟಿಕೆಟ್, ಬ್ಯಾಗ್ ತಪಾಸಣೆ, ಶೌಚಾಲಯ, ತಲೆ ಎಣಿಕೆ ಅಂತ ಸುಲಭವಾಗಿ ಮುಕ್ಕಾಲು ಗಂಟೆ ಹೋಗುತ್ತದೆ. ಹಳೇ ಊರಿನ ಟ್ರಾಫಿಕ್ ಬೇರೆ. ಬೆಳಿಗ್ಗೆ ಸಾಲಾರ್ ಜಂಗ್, ಊಟವಾದ ಮೇಲೆ ಕಾಲಲ್ಲಿ ಶಕ್ತಿಯಿದ್ದವರಿಗೆ ಚೌಮಹಲ್ಲಾ. ಅಷ್ಟು ಸಾಕು.

ಹಿಂದಿನ ರಾತ್ರಿಯೇ ಐದಾರು ಜನರ ಗುಂಪು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಗುಂಪು ಒಪ್ಪಿಸಿ. ಮನೆಯವರು, ನೆಂಟರು ಅಂತ ಗುಂಪು ಮಾಡಿದರೆ ಕೆಲಸ ಕೆಡುತ್ತದೆ. ನಡಿಗೆಯ ವೇಗ ನೋಡಿ ಮಾಡಿ. ಮಂಡಿ ನೋವಿರುವ ಹಿರಿಯರು ಒಂದು ಗುಂಪಿನಲ್ಲಿರಲಿ, ಅವರ ಜೊತೆ ತಾಳ್ಮೆಯಿರುವ ಹರೆಯದವರು ಒಬ್ಬರಿರಲಿ. ಲಾಡ್ಜಿನ ಹೆಸರು, ಏರಿಯಾ, ಎರಡು ಫೋನ್ ನಂಬರ್ ಬರೆದ ಚೀಟಿ ಎಲ್ಲರ ಜೇಬಿನಲ್ಲೂ ಇರಬೇಕು. ಫೋಟೊ, ವಿಡಿಯೊ ತೆಗೆದು ಮಧ್ಯಾಹ್ನದ ಹೊತ್ತಿಗೆ ಅರ್ಧ ತಂಡದ ಮೊಬೈಲ್ ಚಾರ್ಜ್ ಮುಗಿದಿರುತ್ತದೆ. ಟಿಕೆಟ್ ದುಡ್ಡನ್ನೂ ರಾತ್ರಿಯೇ ಸೇರಿಸಿ, ದೊಡ್ಡವರು ಎಷ್ಟು, ಮಕ್ಕಳು ಎಷ್ಟು ಅಂತ ಬರೆದು ಒಬ್ಬರ ಕೈಗೆ ಕೊಡಿ. ಮೊಬೈಲಿನಲ್ಲಿ ಫೋಟೊ ತೆಗೆಯಲು ಬೇರೆ ಶುಲ್ಕ ಇದೆಯೇ ಅಂತ ಕೌಂಟರಿನಲ್ಲೇ ಅವರು ಕೇಳಿಕೊಳ್ಳಲಿ.

ಮ್ಯೂಸಿಯಂ ತೆರೆಯುವುದು ಹತ್ತಕ್ಕೆ, ಮುಚ್ಚುವುದು ಐದಕ್ಕೆ. ಒಂಬತ್ತು ಮುಕ್ಕಾಲಿಗೆ ಗೇಟಿನಲ್ಲಿರಿ. ದೊಡ್ಡ ಬ್ಯಾಗುಗಳು ಬಸ್ಸಿನಲ್ಲೇ ಇರಲಿ. ಬಸ್ಸನ್ನು ಎದುರಿನ ರಸ್ತೆಯಲ್ಲಿ ನಿಲ್ಲಿಸಿಕೊಂಡಿರಲು ಆಗುವುದಿಲ್ಲ, ಜನರನ್ನು ಇಳಿಸಿ ಅದು ಹೊರಟುಬಿಡಬೇಕು.

ಒಳಗೆ ಮೂವತ್ತಕ್ಕೂ ಹೆಚ್ಚು ಗ್ಯಾಲರಿಗಳಿವೆ. ಬಹುಪಾಲು ನಿಜಾಮರ ದಿವಾನರಾಗಿದ್ದ ಮೂರನೇ ಸಾಲಾರ್ ಜಂಗ್, ಅಂದರೆ ಮೀರ್ ಯೂಸುಫ್ ಅಲಿ ಖಾನ್ (1889–1949) ಅವರ ಮನೆತನದ ಸಂಗ್ರಹ. 1951ರಲ್ಲಿ ಅವರ ಅರಮನೆ ದಿವಾನ್ ದೇವಡಿಯಲ್ಲೇ ಮ್ಯೂಸಿಯಂ ಶುರುವಾಗಿ, 1968ರಲ್ಲಿ ಮೂಸಿ ನದಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಒಂದನೇ ಕೋಣೆಯಿಂದ ಸಾಲಾಗಿ ನೋಡುತ್ತಾ ಹೊರಟರೆ ನಾಲ್ಕೈದು ಕೋಣೆಗೇ ಸುಸ್ತಾಗಿ, ಮುಖ್ಯವಾದದ್ದು ಬರುವಾಗ ಕಣ್ಣು ಓಡುವುದಿಲ್ಲ. ಅದಕ್ಕೇ ಮೊದಲ ಒಂದೂವರೆ ಗಂಟೆ ಈ ಕೆಲವಕ್ಕೆ ಮೀಸಲಿಡಿ.

ಮುಸುಕು ಹೊದ್ದ ರೆಬೆಕಾ: ಇಟಲಿಯ ಬೆನ್ಜೋನಿ ಕೆತ್ತಿದ ಅಮೃತಶಿಲೆಯ ಮೂರ್ತಿ, 1876ರದ್ದು. ಎದುರಿಗೆ ನಿಂತು ಸೆಲ್ಫಿ ತೆಗೆದು ಮುಂದೆ ಹೋಗಬೇಡಿ. ಒಂದು ಪಕ್ಕಕ್ಕೆ ಸರಿದು ಕೆನ್ನೆಯ ಮೇಲೆ ಮುಸುಕಿನ ನೆರಿಗೆ ಬೀಳುವ ಜಾಗ ನೋಡಿ. ಬಟ್ಟೆಯೂ ಮುಖವೂ ಒಂದೇ ಕಲ್ಲು. ಆದರೂ ತೆಳು ನೆರಿಗೆಯ ನೆರಳಿನಿಂದಾಗಿ ಬಟ್ಟೆಯ ಹಿಂದಿನ ಮುಖ ಕಂಡಂತೆ ಆಗುತ್ತದೆ. ಒಂದೇ ಮರದಲ್ಲಿ ಎರಡೂ ಕಡೆ ಕೆತ್ತಿದ ಜೋಡಿ ಶಿಲ್ಪವನ್ನು ಹಿಂದಿನ ಕನ್ನಡಿ ಸಮೇತ ನೋಡಬೇಕು: ಮುಂದೆ ಜರ್ಮನ್ ನಾಟಕ ‘ಫೌಸ್ಟ್’ನ ಗರ್ವದ ಸೈತಾನ ಮೆಫಿಸ್ಟೋಫಿಲಿಸ್, ಬೆನ್ನ ಕಡೆ ಅದೇ ನಾಟಕದ ಹುಡುಗಿ, ತಲೆ ತಗ್ಗಿಸಿದ ಮಾರ್ಗರೇಟ್.

ಕನ್ನಡದವರು ಬಿದ್ರಿ ಗ್ಯಾಲರಿಯನ್ನು ತಪ್ಪಿಸಲೇಬಾರದು. ನಮ್ಮ ಬೀದರಿನ ಕಸುಬು ಅದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರಿದ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಹಳೇ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹುಕ್ಕಾದ ಬುಡ, ಹೂಜಿಗಳ ಕತ್ತಿನ ಹತ್ತಿರ ಬಗ್ಗಿ ನೋಡಿ. ಅಷ್ಟು ಸಣ್ಣ ಬಳ್ಳಿಯೂ ಬಣ್ಣದಲ್ಲಿ ಬರೆದದ್ದಲ್ಲ, ಬಡಿದು ಕೂರಿಸಿದ್ದು. ದಂತದ ಗ್ಯಾಲರಿಯಲ್ಲಿ ಟಿಪ್ಪು ಸುಲ್ತಾನನಿಗೆ ಫ್ರಾನ್ಸಿನ ದೊರೆ ಉಡುಗೊರೆ ಕೊಟ್ಟದ್ದೆಂದು ಹೇಳಲಾಗುವ ಕುರ್ಚಿಗಳೂ ಇವೆ.

ಎಲ್ಲಿದ್ದರೂ 11.40ಕ್ಕೆ ಮ್ಯೂಸಿಯಂನ ಗೊಂಬೆ ಗಡಿಯಾರದ ಮುಂದೆ ಸೇರಿ. ಗಂಟೆ ತುಂಬುವ ಕೆಲವು ನಿಮಿಷ ಮೊದಲು ಗಡ್ಡದ ಗೊಂಬೆಯೊಂದು ಬಾಗಿಲು ತೆರೆದು ಬಂದು, ಗಂಟೆಯಾದಷ್ಟು ಪೆಟ್ಟು ಬಾರಿಸಿ ಒಳಗೆ ಹೋಗುತ್ತದೆ. ಹನ್ನೆರಡಕ್ಕೆ ಹನ್ನೆರಡು ಪೆಟ್ಟು, ಅದಕ್ಕೇ ಆಗ ಜನ ಹೆಚ್ಚು. ಐದು ನಿಮಿಷ ತಡವಾಗಿ ಬಂದರೆ ಮಕ್ಕಳಿಗೆ ಮುಂದಿನವರ ಬೆನ್ನಷ್ಟೇ ಕಾಣುತ್ತದೆ. ಎಲ್ಲರೂ ತಾವಾಗಿಯೇ ಬಂದು ಕೂರುವ ಜಾಗವಾದ್ದರಿಂದ ತಲೆ ಎಣಿಸಲೂ ಇದೇ ಸರಿ. ಸಾಕಾದವರು ಇಲ್ಲಿಂದ ಹೊರಡಲಿ, ಉಳಿದವರು ಒಂದೂವರೆವರೆಗೆ ತಮಗಿಷ್ಟ ಬಂದದ್ದು ನೋಡಲಿ. ಒಮ್ಮೆ ಹೊರಗೆ ಬಂದರೆ ಅದೇ ಟಿಕೆಟಿಗೆ ಮತ್ತೆ ಬಿಡುತ್ತಾರೆಂದು ನಂಬಿಕೊಳ್ಳಬೇಡಿ.

ಊಟದ ಹೋಟೆಲಿಗೆ ಬೆಳಿಗ್ಗೆಯೇ ಫೋನ್ ಮಾಡಿ ಜನರ ಲೆಕ್ಕ ಹೇಳಿ. ಬಿರಿಯಾನಿ ಬೇಕಾದವರು, ಶುದ್ಧ ಸಸ್ಯಾಹಾರವೇ ಬೇಕೆನ್ನುವವರು ಇಬ್ಬರೂ ಇದ್ದರೆ ಒಂದೇ ಕಡೆ ಕೂರಿಸುವ ಹಟ ಬೇಡ. ಗುಂಪುಗಳು ಬೇರೆ ಬೇರೆ ಕಡೆ ಉಂಡು ಹೇಳಿದ ಹೊತ್ತಿಗೆ ಬಂದರಾಯಿತು.

ಮ್ಯೂಸಿಯಂನಿಂದ ಮದೀನಾ, ಪತ್ಥರ್‌ಗಟ್ಟಿ ದಾರಿಯಾಗಿ ಚಾರ್ಮಿನಾರ್ ಸುಮಾರು ಒಂದೂವರೆ ಕಿಲೋಮೀಟರ್, ನಡೆದೇ ಹೋಗಬಹುದು. ಹಿರಿಯರಿಗೆ ಆಟೊ ಮಾಡಿಸಿ. ಚೌಮಹಲ್ಲಾ ಅಲ್ಲಿಂದ ಇನ್ನೂ ಹತ್ತಿರ. ಅದೂ ಐದಕ್ಕೆ ಮುಚ್ಚುವುದರಿಂದ ಮೂರರೊಳಗೆ ಒಳಗಿರಿ, ಬಳೆ ವ್ಯಾಪಾರ ಆಮೇಲೆ. ಬಳೆ ಅಂಗಡಿಗಳ ಲಾಡ್ ಬಜಾರಿಗೆ ಮೊದಲು ಹೊಕ್ಕ ತಂಡ ಅರಮನೆ ನೋಡುವುದಿಲ್ಲ. ಚಾರ್ಮಿನಾರ್ ಬುಡಕ್ಕೆ ಬಸ್ಸು ಬರುವುದಿಲ್ಲ. ಸಂಜೆ ಹತ್ತಿಸಿಕೊಳ್ಳುವ ಜಾಗವನ್ನು ಬೆಳಿಗ್ಗೆಯೇ ಡ್ರೈವರ್ ಹತ್ತಿರ ಗೊತ್ತುಮಾಡಿ, ಆ ಲೊಕೇಶನ್ ಪ್ರತಿ ಗುಂಪಿಗೂ ಕಳಿಸಿ.