ಐದು ಕಾಳಿನಿಂದ ಮುಕ್ಕಾಲು ತಟ್ಟೆಗೆ: ಕಿಡ್ನಿ ಸೋತ ಮುದಿ ಬೆಕ್ಕಿಗೆ ಪಥ್ಯ ತಿನ್ನಿಸಿದ್ದು

ನಮ್ಮ ಕೆಂಚನಿಗೆ ಈಗ ಹದಿನಾರು ನಡೆಯುತ್ತಿದೆ. ದಿನಕ್ಕೆ ಐದು ಸಲ ಊಟ ಮಾಡುತ್ತಾನೆ, ತಟ್ಟೆಯಲ್ಲಿರುವುದರಲ್ಲಿ ಮುಕ್ಕಾಲು ಪಾಲು ಕಿಡ್ನಿ ಪಥ್ಯದ ಆಹಾರ. ‘ಈ ವಯಸ್ಸಿನಲ್ಲಿ ಇವನ ನಾಲಗೆ ಬದಲಾಗುವುದಿಲ್ಲ, ಇರುವಷ್ಟು ದಿನ ಮೀನು ತಿಂದು ಸುಖವಾಗಿರಲಿ ಬಿಡಿ’ ಎಂದವರು ಮೂವರು: ನಮ್ಮ ಡಾಕ್ಟರು, ಪಕ್ಕದ ಮನೆಯ ಹಿರಿಯರು, ನನ್ನ ಹೆಂಡತಿ. ಮೊದಲಿನ ಇಬ್ಬರು ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಮೂರನೆಯವರು ಬಾಯಿಬಿಟ್ಟು ಹೇಳಿಲ್ಲ, ಆದರೆ ಬೆಳಗಿನ ತಟ್ಟೆಯನ್ನು ಈಗ ಅವರೇ ಇಡುತ್ತಾರೆ.

ಇದೇ ಕಾಯಿಲೆಯ ಬೆಕ್ಕನ್ನು ಸಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್, ರಂಜಕ (ಫಾಸ್ಫರಸ್) ಎರಡೂ ಇಳಿಯಬೇಕು ಎಂಬುದಕ್ಕಿಂತ ಹೆಚ್ಚು ವಿವರಿಸುತ್ತ ಕೂರುವುದಿಲ್ಲ. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಲೆಕ್ಕ ಬರೆದವನಾದ್ದರಿಂದ ಕೆಂಚನ ಊಟಕ್ಕೂ ಒಂದು ಪುಸ್ತಕ ಇಟ್ಟಿದ್ದೆ. ಮಂಗಳೂರಿನ ಮಳೆಗೆ ಅದರ ಅರ್ಧದಷ್ಟು ಪುಟಗಳು ಅಂಟಿಕೊಂಡಿವೆ. ಹಾಗಾಗಿ ಇಲ್ಲಿರುವ ಅಂಕಿಗಳನ್ನು ಹೆಚ್ಚುಕಡಿಮೆ ಎಂದೇ ಓದಿಕೊಳ್ಳಿ.

ಎರಡು ವರ್ಷದ ಹಿಂದೆ ರೋಗ ಗೊತ್ತಾದಾಗ ಕ್ರಿಯಾಟಿನಿನ್ 4.1, ರಂಜಕ ಏಳರ ಮೇಲೆ. 4.3 ಕೆಜಿ ಇದ್ದವನು 3.1ಕ್ಕೆ ಇಳಿದಿದ್ದ. ಕಾಯಿಲೆಯ ನಾಲ್ಕು ಹಂತಗಳಲ್ಲಿ ಮೂರನೆಯದು. ಅಲ್ಲಿಯವರೆಗೆ ಅವನು ಬೆಳೆದದ್ದು ಕರಾವಳಿಯ ಎಲ್ಲ ಬೆಕ್ಕುಗಳು ಬೆಳೆಯುವ ಹಾಗೆ: ಕುಚ್ಚಲಕ್ಕಿ ಅನ್ನಕ್ಕೆ ಬೇಯಿಸಿದ ಬಂಗುಡೆ ತಲೆ, ಮೇಲೆ ಎರಡು ಬೂತಾಯಿ. ಮೀನಿನ ತಲೆಯೆಂದರೆ ಬರೀ ಮುಳ್ಳು, ಮೂಳೆ, ಮೂಳೆಯೆಂದರೆ ರಂಜಕ. ಅವನಿಗೆ ಪ್ರಾಣವಾಗಿದ್ದದ್ದೇ ಅವನ ಪ್ರಾಣಕ್ಕೆ ಬಂದಿತ್ತು.

ಮೊದಲ ಎರಡು ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಎರಡು ಕೆಜಿಯ ಪಥ್ಯದ ಒಣ ಆಹಾರದ ಚೀಲ ತಂದೆ, ಎರಡು ಸಾವಿರಕ್ಕೂ ಮೇಲೆ. ಮೂಸಿ ನೋಡಿ, ಮಣ್ಣು ಮುಚ್ಚುವಂತೆ ಕಾಲಿನಿಂದ ನೆಲ ಕೆರೆದು ಹೋದ. ಇನ್ನೊಂದು ಕಂಪನಿಯದು ತಂದೆ, ಅದಕ್ಕೂ ಅದೇ ಮರ್ಯಾದೆ. ಹನ್ನೆರಡು ಪೊಟ್ಟಣಗಳ ಹಸಿ ಆಹಾರದ ಪೆಟ್ಟಿಗೆ ಸಾವಿರದ ನಾನೂರೋ ಏನೋ. ಗ್ರೇವಿಯನ್ನು ನೆಕ್ಕಿ ತುಂಡುಗಳನ್ನು ಬಿಟ್ಟ, ಮೂರನೆಯ ದಿನದಿಂದ ಗ್ರೇವಿಯೂ ಬೇಡವಾಯಿತು. ಬಿಟ್ಟದ್ದನ್ನೆಲ್ಲ ಕಾಂಪೌಂಡಿನ ಹೊರಗಿನ ಬೀದಿ ಬೆಕ್ಕುಗಳು ತಿಂದವು. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಬೆಕ್ಕುಗಳ ಕಿಡ್ನಿಗಳು ಜಿಲ್ಲೆಯಲ್ಲೇ ಅತ್ಯಂತ ಸುಖವಾಗಿದ್ದಿರಬೇಕು. ಸುಮಾರು ಒಂಬತ್ತು ಸಾವಿರ ರೂಪಾಯಿ ಹೀಗೆ ಗೋಡೆಯಾಚೆ ಹೋಯಿತು.

ಹಣ ಹೋದದ್ದಕ್ಕಿಂತ ದೊಡ್ಡ ತಪ್ಪು ಬೇರೆ. ‘ಹಸಿದರೆ ತಾನಾಗಿ ತಿನ್ನುತ್ತಾನೆ’ ಎಂದು ಯಾರೋ ಹೇಳಿದ್ದನ್ನು ನಂಬಿ ಒಂದೂವರೆ ದಿನ ಬೇರೇನೂ ಕೊಡದೆ ಕಾದೆ. ಅದು ನಾಯಿಗೆ ಸಲ್ಲುವ ಮಾತು. ಬೆಕ್ಕು ಎರಡು ಮೂರು ದಿನ ಪೂರ್ತಿ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಹೋಗಿ ಕೂರುತ್ತದೆ, ಆಮೇಲೆ ಕಿಡ್ನಿಯ ಚಿಂತೆ ಮಾಡುವ ಅಗತ್ಯವೇ ಬರುವುದಿಲ್ಲ. ಡಾಕ್ಟರು ಬೈದರು. ಬೈಸಿಕೊಳ್ಳಬೇಕಾದದ್ದೇ.

ಎರಡನೆಯ ತಪ್ಪು, ಮಾತ್ರೆಯನ್ನು ಪುಡಿಮಾಡಿ ಬಂಗುಡೆಯಲ್ಲಿ ಅಡಗಿಸಿದ್ದು. ಎರಡು ದಿನ ಜಾಣತನ ಎನಿಸಿತು. ಮೂರನೆಯ ದಿನ ಕೆಂಚ ಬಂಗುಡೆಯನ್ನೇ ಬಿಟ್ಟ. ಹದಿನಾಲ್ಕು ವರ್ಷದ ಸ್ನೇಹ ಕಾಲು ಮಾತ್ರೆಗೆ ಮುರಿದುಹೋಯಿತು.

ಬಾಗಿಲು ತೆರೆದದ್ದು ಒಂದು ಸಂಜೆ ಸುಮ್ಮನೆ ಕುಳಿತು ನೋಡಿದಾಗ. ತಟ್ಟೆಯ ಸದ್ದು ಕೇಳಿ ಓಡಿಯೇ ಬಂದ. ಮೂಗು ಇಟ್ಟ. ತುಟಿ ನೆಕ್ಕಿಕೊಂಡ, ಎರಡು ಸಲ ಗುಟುಕು ನುಂಗಿದ, ತಲೆ ತಿರುಗಿಸಿ ಹೊರಟ. ರುಚಿ ಒಲ್ಲದವನು ಹಾಗೆ ನುಂಗುವುದಿಲ್ಲ. ಬಸುರಿಯ ಮುಂದೆ ಒಗ್ಗರಣೆ ಹಾಕಿದರೆ ಆಗುವಂಥದು ಅದು. ಅವನಿಗೆ ಹಸಿವಿತ್ತು, ವಾಕರಿಕೆಯೂ ಇತ್ತು. ವಾಕರಿಕೆಯ ಹೊತ್ತಿನಲ್ಲಿ ನಾನು ಮುಂದಿಟ್ಟದ್ದನ್ನೆಲ್ಲ, ಪಥ್ಯವಿರಲಿ, ಮೀನಿರಲಿ, ಅವನು ಕಾಯಿಲೆಯ ಖಾತೆಗೆ ಬರೆದುಕೊಳ್ಳುತ್ತಿದ್ದ. ನಾವು ಬೆಕ್ಕಿನ ಹಟ ಎನ್ನುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಎಂದು ನನಗೀಗ ಅನ್ನಿಸುತ್ತದೆ.

ಡಾಕ್ಟರಿಗೆ ಹೇಳಿದೆ. ವಾಂತಿ ನಿಲ್ಲುವ ಮಾತ್ರೆ ಕೊಟ್ಟರು, ದಿನ ಬಿಟ್ಟು ದಿನ ಹಸಿವಿನ ಮಾತ್ರೆಯ ಒಂದು ಚೂರು. ಪ್ರಮಾಣವನ್ನು ನಾನು ಬರೆಯುವುದಿಲ್ಲ, ನಿಮ್ಮ ಬೆಕ್ಕಿಗೆ ನಿಮ್ಮ ಡಾಕ್ಟರೇ ಹೇಳಬೇಕು. ಬಾಯಿ ತೆರೆಸಿ ನೋಡಿದಾಗ ಒಂದು ದವಡೆ ಹಲ್ಲು ಬುಡದಲ್ಲಿ ಕರಗಿತ್ತು. ಅರಿವಳಿಕೆ ಕೊಡಲು ಅವರಿಗೆ ಹೆದರಿಕೆ, ಒಪ್ಪಲು ನನಗೆ ಹೆದರಿಕೆ. ಹಿಂದಿನ ದಿನವೂ ಅಂದೂ ಡ್ರಿಪ್ ಹಾಕಿ ಹಲ್ಲು ಕಿತ್ತರು. ನಾಲ್ಕೂವರೆ ಸಾವಿರ. ಇಡೀ ಕಥೆಯಲ್ಲಿ ನಾನು ಅತ್ಯಂತ ಸಂತೋಷದಿಂದ ಕೊಟ್ಟ ಹಣ ಅದು.

ಆಮೇಲೆ ಮೂರು ವಾರ ಪಥ್ಯದ ಆಹಾರವನ್ನು ಅವನ ಕಣ್ಣಿಗೂ ಬೀಳಿಸಲಿಲ್ಲ. ಡಾಕ್ಟರು ಹುಬ್ಬೇರಿಸಿದರು. ‘ಡಾಕ್ಟರೇ, ಮೊದಲು ತಟ್ಟೆಯ ಮೇಲಿನ ಹೆದರಿಕೆ ಹೋಗಲಿ’ ಎಂದೆ. ಆ ಮೂರು ವಾರ ಮುಳ್ಳು ತೆಗೆದ ಕಾಣೆ ಮೀನು, ನಂಗ್ ಮೀನು, ಬೇಯಿಸಿದ ಕೋಳಿಯ ಎದೆಭಾಗ, ಏನು ತಿಂದರೂ ಸರಿ. ಆದರೆ ಜಾಗ ಬದಲಾಯಿಸಿದೆ. ಅದುವರೆಗೆ ಊಟವೂ ಅಡುಗೆಮನೆಯಲ್ಲಿ, ಬಾಯಿಗೆ ಮಾತ್ರೆ ತುರುಕುವುದೂ ಅಡುಗೆಮನೆಯಲ್ಲಿ. ಈಗ ಮಾತ್ರೆ, ಸೂಜಿ, ಡ್ರಿಪ್ ಎಲ್ಲ ಬಚ್ಚಲುಮನೆಗೆ, ಊಟ ಚಾವಡಿಗೆ. ಚಾವಡಿಯಲ್ಲಿ ಕೆಂಚನನ್ನು ಯಾರೂ ಎತ್ತುವಂತಿಲ್ಲ ಎಂದು ಮನೆಯಲ್ಲಿ ಕಾಯಿದೆ ಮಾಡಿದೆ. ರಜೆಗೆ ಬಂದ ಮೊಮ್ಮಗಳು ಒಂದು ಸಲ ಎತ್ತಿದ್ದಕ್ಕೆ ಎರಡು ದಿನ ಚಾವಡಿಗೆ ಬರಲಿಲ್ಲ, ಅಷ್ಟು ಸೂಕ್ಷ್ಮ.

ನಾಲ್ಕನೆಯ ವಾರ ಬೆರಕೆ ಶುರು. ‘ಹತ್ತರಲ್ಲಿ ಒಂದು ಪಾಲಿನಿಂದ ಆರಂಭಿಸಿ’ ಎಂದು ಹೇಳುತ್ತಾರಲ್ಲ, ನನ್ನ ಬೆಕ್ಕಿಗೆ ಅದೂ ಜಾಸ್ತಿ. ನಾನು ಎಣಿಸಿದ್ದು ಕಾಳಿನ ಲೆಕ್ಕದಲ್ಲಿ. ಐದು ಕಾಳು ಒಣ ಆಹಾರವನ್ನು ಹಳೆಯ ಕಾಫಿ ಬೀಜದ ಮಿಷನ್ನಿನಲ್ಲಿ ಹಿಟ್ಟುಮಾಡಿ ಮೀನಿಗೆ ಕಲಸಿದೆ. ನಾಲ್ಕು ದಿನ ಐದೇ. ಆಮೇಲೆ ಎಂಟು, ಆಮೇಲೆ ಹನ್ನೆರಡು. ತಟ್ಟೆಯಲ್ಲಿ ಸ್ವಲ್ಪ ಬಿಟ್ಟರೂ ಒಂದಲ್ಲ, ಎರಡು ಮೆಟ್ಟಿಲು ಹಿಂದಕ್ಕೆ. ಹಾವು ಏಣಿ ಆಟ. ಮೂವತ್ತಕ್ಕೆ ಬಂದು ಎಂಟಕ್ಕೆ ಇಳಿದದ್ದೂ ಇದೆ, ಗುಡುಗಿನ ರಾತ್ರಿಯ ಮರುದಿನ. ಆರು ವಾರದಲ್ಲಿ ಮುಗಿಯುತ್ತದೆಂದು ಲೆಕ್ಕ ಹಾಕಿದ್ದೆ, ಹನ್ನೊಂದು ವಾರ ಹಿಡಿಯಿತು. ಪೂರ್ತಿ ಪಥ್ಯಕ್ಕೆ ಇಂದಿಗೂ ಹೋಗಿಲ್ಲ. ಮುಕ್ಕಾಲಕ್ಕೆ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿದೆವು, ಡಾಕ್ಟರು ‘ಸಾಕು, ಇಲ್ಲೇ ಇರಲಿ’ ಎಂದರು.

ಬಿಸಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಮುದಿ ಬೆಕ್ಕಿಗೆ ಮೂಗು ಮಂದ, ಮೂಗಿಗೆ ಹತ್ತದ್ದು ಬಾಯಿಗೆ ಹೋಗುವುದಿಲ್ಲ. ಫ್ರಿಜ್ಜಿನಿಂದ ತೆಗೆದದ್ದನ್ನು ಆಗಷ್ಟೇ ಹಿಡಿದ ಇಲಿಯ ಮೈಬಿಸಿಗೆ ತರಬೇಕು, ಅಂದರೆ ಮುಂಗೈಗೆ ಮುಟ್ಟಿಸಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸಬೇಕು. ಮೈಕ್ರೋವೇವ್ ಬೇಡ, ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ಮಂಜು. ಸ್ಟೀಲ್ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಮೂರು ನಿಮಿಷ. ‘ನನಗೆ ಜ್ವರ ಬಂದಾಗ ಗಂಜಿಯನ್ನು ಎಷ್ಟು ಸಲ ಬಿಸಿ ಮಾಡಿ ಕೊಟ್ಟಿದ್ದೀರಿ?’ ಎಂದು ಹೆಂಡತಿ ಕೇಳಿದಾಗ ಉತ್ತರವಿರಲಿಲ್ಲ.

ತಟ್ಟೆಯದು ಆಕಸ್ಮಿಕವಾಗಿ ಸಿಕ್ಕಿದ ವಿದ್ಯೆ. ಮನೆಯಲ್ಲಿ ಪೂಜೆಯಿದ್ದಾಗ ಉಳಿದ ಅಡಿಕೆ ಹಾಳೆಯ ಸಣ್ಣ ತಟ್ಟೆಯೊಂದರಲ್ಲಿ ಹಾಕಿದೆ. ಅಂದು ನೆಕ್ಕಿದ ರಭಸಕ್ಕೆ ತಟ್ಟೆಯೇ ಚಾವಡಿಯ ಉದ್ದಕ್ಕೂ ಜಾರಿಕೊಂಡು ಹೋಯಿತು. ಮೀಸೆಗೆ ಅಂಚು ತಾಗುವುದಿಲ್ಲ, ಸ್ಟೀಲಿನ ಸದ್ದಿಲ್ಲ, ಹಾಳೆ ಮೀನಿನ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಈಗ ನೂರರ ಕಟ್ಟನ್ನೇ ತರುತ್ತೇನೆ, ಒಂದಕ್ಕೆ ಮೂರು ರೂಪಾಯಿ ಬೀಳುತ್ತದೆ. ಒಂದು ತಟ್ಟೆ ಒಂದು ದಿನಕ್ಕೆ, ಹೆಚ್ಚೆಂದರೆ. ಅದನ್ನು ಮಗುಚಿದ ಮಣೆಯ ಮೇಲಿಡುತ್ತೇನೆ. ಕುತ್ತಿಗೆ, ಮೊಣಕಾಲು ಬಗ್ಗಿಸಲು ಈ ವಯಸ್ಸಿನವರಿಗೆ ಕಷ್ಟ, ಅದು ನನಗೂ ಗೊತ್ತು.

ನಡುನಡುವೆ ಮಾಡಿದ ಪ್ರಯೋಗಗಳಿಗೆ ಲೆಕ್ಕವಿಲ್ಲ. ಮೊಟ್ಟೆಯ ಬಿಳಿ ಒಳ್ಳೆಯ ಪ್ರೋಟೀನು, ರಂಜಕ ಇಲ್ಲವೆನ್ನುವಷ್ಟು ಕಡಿಮೆ ಎಂದು ಇಡ್ಲಿ ಪಾತ್ರೆಯಲ್ಲಿ ಬೇಯಿಸಿ ಸಣ್ಣ ಚೌಕಗಳಾಗಿ ಕತ್ತರಿಸಿದೆ. ಅವುಗಳನ್ನು ಒಂದೊಂದಾಗಿ ಎತ್ತಿ ತಟ್ಟೆಯ ಹೊರಗಿಟ್ಟ, ಕಲ್ಲು ಆರಿಸಿದ ಹಾಗೆ. ಅದೇ ಬಿಳಿಯನ್ನು ಒಂದು ಚಮಚ ಮೀನು ಬೇಯಿಸಿದ ನೀರಿನೊಂದಿಗೆ ಮಿಕ್ಸಿಗೆ ಹಾಕಿದಾಗ ಸದ್ದಿಲ್ಲದೆ ತಿಂದ. ಆ ನೀರಿನ ವಿಷಯದಲ್ಲಿ ಒಂದು ಪೇಚು ಇದೆ: ಬೇಯಿಸಿದ ನೀರು ಚೆಲ್ಲಿದರೆ ರಂಜಕ ಒಂದಿಷ್ಟು ಹೋಗುತ್ತದೆ, ಜೊತೆಗೆ ವಾಸನೆಯೂ ಟಾರಿನ್ ಎಂಬ ಪೋಷಕಾಂಶವೂ ಹೋಗುತ್ತವೆ. ಟಾರಿನ್ ಇಲ್ಲದೆ ಬೆಕ್ಕಿನ ಹೃದಯವೂ ಕಣ್ಣೂ ಕೆಡುತ್ತವೆ. ಒಂದು ಚಮಚ ಉಳಿಸಿ ಮಿಕ್ಕದ್ದು ಚೆಲ್ಲುವುದು, ಟಾರಿನ್ನನ್ನು ಡಾಕ್ಟರು ಹೇಳಿದಷ್ಟು ಬೇರೆಯಾಗಿ ಸೇರಿಸುವುದು ಎಂಬಲ್ಲಿಗೆ ಬಂದು ನಿಂತೆ. ಅನ್ನ ಹಾಕುವ ದಿನ ಕುಚ್ಚಲಕ್ಕಿ ಬಿಟ್ಟು ಬೆಳ್ತಿಗೆ (ಬಿಳಿ ಅಕ್ಕಿ), ಎರಡು ಚಮಚ, ಗಂಜಿಯಂತೆ ಕರಗಿಸಿ.

ಊಟದ ರಂಜಕ ರಕ್ತಕ್ಕೆ ಸೇರದಂತೆ ಹಿಡಿಯುವ ಪುಡಿ ಸಿಗುವ ಮುನ್ನ ಮೆಡಿಕಲ್ ಶಾಪಿನಲ್ಲಿ ಸಿಗುವ ಆಮ್ಲಪಿತ್ತದ ಸಿರಪ್ಪಿನಲ್ಲೂ ಅಲ್ಯೂಮಿನಿಯಂ ಹೈಡ್ರಾಕ್ಸೈಡೇ ಇದೆಯಲ್ಲ ಎಂದು ಅರ್ಧ ಚಮಚ ಕುಡಿಸಿದೆ. ಪುದೀನ ವಾಸನೆಗೆ ಬಾಯಿಂದ ನೊರೆ, ಗೋಡೆಗೆಲ್ಲ ನೊರೆ. ಅದರಲ್ಲಿ ಮೆಗ್ನೀಸಿಯಂ ಕೂಡ ಇತ್ತು, ಸೋತ ಕಿಡ್ನಿಗೆ ಅದು ಬೇಡವೇ ಬೇಡ. ಮತ್ತೆ ಬೈಗುಳ. ಕೊನೆಗೆ ವಾಸನೆಯಿಲ್ಲದ ಪುಡಿಯನ್ನು ಮಗಳು ಬೆಂಗಳೂರಿನಿಂದ ಕೊರಿಯರ್ ಮಾಡಿದಳು. ಅದನ್ನೂ ಚಿಟಿಕೆಯ ಚಿಟಿಕೆಯಿಂದಲೇ ಆರಂಭಿಸಿದೆ.

ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ನಿಮಗೆ ಗೊತ್ತೇ ಇದೆ. ಮೊದಲ ವರ್ಷ ಅದನ್ನು ಮರೆತಿದ್ದೆ. ದಕ್ಕೆಯಲ್ಲಿ (ಮೀನಿನ ಬಂದರಿನಲ್ಲಿ) ಸಿಕ್ಕಿದ್ದು ಐಸಿನಲ್ಲಿ ಹೊರಗಿನಿಂದ ಬಂದ ಮೀನು, ಬೆಲೆ ಹೆಚ್ಚುಕಡಿಮೆ ಎರಡು ಪಟ್ಟು. ಅದನ್ನು ಕೆಂಚ ಮೂಸಿಯೂ ನೋಡಲಿಲ್ಲ. ‘ಅಣ್ಣಾ, ನಿಮ್ಮ ಬೆಕ್ಕಿಗೆ ಗೊತ್ತಾದದ್ದು ನಿಮಗೆ ಗೊತ್ತಾಗಲಿಲ್ಲವಾ?’ ಎಂದು ಮೀನು ಮಾರುವ ಅಕ್ಕ ನಕ್ಕಳು. ಈಗ ಮೇ ಮಧ್ಯದಲ್ಲೇ ನಂಗ್ ಮತ್ತು ಕಾಣೆ ತಂದು ಬೇಯಿಸಿ, ಮುಳ್ಳು ಬಿಡಿಸಿ, ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ತೆಗೆದಿಡುತ್ತೇನೆ. ಒಂದು ಅಚ್ಚು ಒಂದು ಊಟಕ್ಕೆ. ಬೂತಾಯಿ, ಬಂಗುಡೆಯಂಥ ಕೊಬ್ಬಿನ ಮೀನನ್ನೇ ದಿನವೂ ಹಾಕಬಾರದು ಎಂಬುದು ಬೇರೆ ಮಾತು.

ಕೊನೆಗೆ ಮೇಲೆ ಉದುರಿಸುವ ಪುಡಿ. ಒಣ ಸಿಗಡಿಯನ್ನು ಮೂರು ನೀರಿನಲ್ಲಿ ತೊಳೆದು ಉಪ್ಪು ಕಳೆದು, ಒಣಗಿಸಿ, ಬಾಣಲೆಯಲ್ಲಿ ಹುರಿದು ಪುಡಿಮಾಡಬೇಕು. ಕಾಲು ಚಿಟಿಕೆ, ವಾಸನೆಗೆ ಮಾತ್ರ. ಅದರ ಜೊತೆಗೆ ನನ್ನ ಹೆಂಡತಿ ಇನ್ನೊಂದು ವಸ್ತು ಸೇರಿಸುತ್ತಾಳೆ. ಡಾಕ್ಟರಿಗೆ ತೋರಿಸಿ ಒಪ್ಪಿಗೆ ಪಡೆದದ್ದೇ. ಆದರೆ ಅದು ಅವಳ ಆಸ್ತಿ, ಇಲ್ಲಿ ಬರೆದರೆ ಬೆಳಗಿನ ತಟ್ಟೆ ಮತ್ತೆ ನನ್ನ ಪಾಲಿಗೆ ಬರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಅಲ್ಲ ಎಂದಷ್ಟೇ ಹೇಳುತ್ತೇನೆ, ಅವೆರಡೂ ಬೆಕ್ಕಿನ ರಕ್ತಕ್ಕೆ ವಿಷ. ಡ್ರಿಪ್ ಹಾಕುವಾಗ ಹಿಡಿಯುವ ಪಟ್ಟು ಕೂಡ ಒಂದಿದೆ, ಅದನ್ನು ಬರೆದು ಹೇಳಲಾಗದು, ಬಂದರೆ ತೋರಿಸುತ್ತೇನೆ.

ತಿಂಗಳ ಖರ್ಚು ಈಗ ಹೀಗಿದೆ: ಒಣ ಆಹಾರ ಸಾವಿರದ ಇನ್ನೂರು, ಮೀನು ಕೋಳಿ ಸೇರಿ ಏಳುನೂರು, ಮಾತ್ರೆ ಪುಡಿ ಒಂಬೈನೂರು, ಡ್ರಿಪ್ ಬಾಟಲಿ ಸೂಜಿ ನಾನೂರು, ತಟ್ಟೆ ತೊಂಬತ್ತು. ತೂಕಕ್ಕೆ ಮೀನು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಕೊಂಡೆ, ಮುನ್ನೂರು ರೂಪಾಯಿ. ಬಟ್ಟೆ ಚೀಲದಲ್ಲಿ ಕೆಂಚನನ್ನು ಕೂರಿಸಿ ಪ್ರತಿ ಭಾನುವಾರ ತೂಗುತ್ತೇನೆ. ಮನುಷ್ಯರ ತಕ್ಕಡಿಯ ಮೇಲೆ ಬೆಕ್ಕನ್ನು ಎತ್ತಿ ನಿಂತು ಕಳೆಯುವ ಲೆಕ್ಕ ನಂಬಬೇಡಿ, ನೂರು ಗ್ರಾಂ ಇಳಿದದ್ದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ.

ಕಳೆದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 3.2, ರಂಜಕ 4.6, ತೂಕ 3.6 ಕೆಜಿ. ಡಾಕ್ಟರು ಹಾಳೆಯನ್ನು ಎರಡು ಸಲ ಓದಿ, ‘ಯಾವ ಮೀನು ಅಂದಿರಿ?’ ಎಂದು ಕೇಳಿದರು.

ಹತ್ತು ದಿನದ ಹಿಂದೆ ಹೊಸ ಚೀಲ ಒಡೆದೆ. ಅದೇ ಕಂಪನಿ, ಅದೇ ಹೆಸರು, ಕಾಳಿನ ಆಕಾರ ಮಾತ್ರ ಬದಲಾಗಿದೆ, ವಾಸನೆಯೂ ಸ್ವಲ್ಪ. ಕೆಂಚ ಮೂಸಿ ನೋಡಿ ನೆಲ ಕೆರೆದ. ಹಳೆಯ ಚೀಲದ ಅಡಿಯಲ್ಲಿ ಎರಡು ಹಿಡಿ ಉಳಿದಿತ್ತು, ಅದಕ್ಕೆ ಹೊಸದರ ಐದು ಕಾಳು ಬೆರೆಸಿ ಮತ್ತೆ ಮೊದಲಿನಿಂದ ಶುರುಮಾಡಿದ್ದೇನೆ. ಇಂದು ಬೆಳಗ್ಗೆ ಹನ್ನೆರಡಕ್ಕೆ ಬಂದಿದೆ.