ಗಲಾಟೆ ಹುಟ್ಟುವ ಖಾಲಿ ನಿಮಿಷಗಳು: ತರಗತಿಯ ಶಿಸ್ತು, ನನ್ನ ಅನುಭವ

ತರಗತಿಯ ಗಲಾಟೆಗೆ ತುಂಟ ಮಕ್ಕಳನ್ನು ದೂರುವ ಮೊದಲು ಒಂದು ಪೀರಿಯಡ್ಡನ್ನು ಗಡಿಯಾರ ಹಿಡಿದು ಅಳೆದು ನೋಡಿ. 40 ನಿಮಿಷದಲ್ಲಿ ಸದ್ದು ಏಳುವುದು ಹೆಚ್ಚಾಗಿ ಹಾಜರಿ ಕೂಗುವಾಗ, ನೋಟ್‌ಬುಕ್ ಹಂಚುವಾಗ, ನಾವು ಬೋರ್ಡಿಗೆ ಮುಖ ಮಾಡಿ ಬರೆಯುವಾಗ, ಬೇಗ ಮುಗಿಸಿದವರು ಮಿಕ್ಕವರಿಗಾಗಿ ಕಾಯುವಾಗ. ಕೈಗೆ ಕೆಲಸವಿದ್ದ ಹೊತ್ತಿನಲ್ಲಿ ಎದ್ದ ಗಲಾಟೆ ಕಡಿಮೆ. ಹಾಗಾಗಿ ಶಿಸ್ತಿಗೆಂದು ನಾನು ಪಡುವ ಶ್ರಮದಲ್ಲಿ ಮುಕ್ಕಾಲು ಪಾಲು ಈ ಸಂದುಗಳನ್ನು ಮುಚ್ಚುವುದಕ್ಕೇ ಹೋಗುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಜೇಕಬ್ ಕೌನಿನ್ ತರಗತಿಗಳ ವಿಡಿಯೊ ಚಿತ್ರಣ ಪರಿಶೀಲಿಸಿ 1970ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತೇ: ತಪ್ಪು ನಡೆದ ಮೇಲೆ ಶಿಕ್ಷಕರು ಹೇಗೆ ಗದರುತ್ತಾರೆ ಎಂಬುದರಿಂದ ತರಗತಿ ಸುಧಾರಿಸಿದ್ದು ಕಾಣಲಿಲ್ಲ, ವ್ಯತ್ಯಾಸವಿದ್ದದ್ದು ತಪ್ಪಿಗೆ ಮುಂಚಿನ ಹೊತ್ತಿನಲ್ಲಿ.

ಮೊದಲ ಮೂರು ನಿಮಿಷದಿಂದ ಶುರು ಮಾಡೋಣ. ಮಕ್ಕಳು ಒಳಗೆ ಬರುವ ಮೊದಲೇ ಬೋರ್ಡಿನ ಎಡಮೂಲೆಯಲ್ಲಿ ಮೂರು ಪ್ರಶ್ನೆ ಬರೆದಿಡುತ್ತೇನೆ, ದಿನವೂ ಅದೇ ಜಾಗದಲ್ಲಿ. ಕೂತವರು ಕೂತಹಾಗೆ ಬರೆಯಬೇಕು. ಅವರು ಬರೆಯುತ್ತಿರುವಾಗ ಖಾಲಿ ಜಾಗಗಳನ್ನು ನೋಡಿಯೇ ಹಾಜರಿ ಹಾಕಿಬಿಡುತ್ತೇನೆ; ಹೆಸರು ಕೂಗುವ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ಎಡವುವುದು ಪ್ರಶ್ನೆಯ ಆಯ್ಕೆಯಲ್ಲಿ. ಒಂದು ಪ್ರಶ್ನೆ ಕಷ್ಟದ್ದಾದರೂ ಹತ್ತು ಕೈ ಮೇಲೇಳುತ್ತವೆ, ಇಡೀ ಏರ್ಪಾಟು ಕೆಡುತ್ತದೆ. ಹಿಂದಿನ ದಿನದ್ದು, ಯಾರನ್ನೂ ಕೇಳದೆ ಬರೆಯಬಹುದಾದದ್ದು, ಅಂಕವಿಲ್ಲದ್ದು, ಅಷ್ಟೇ ಸಾಕು.

ನೋಟ್‌ಬುಕ್ ಹಂಚುವ ಗೊಂದಲದ ಮೂಲ ವಾಪಸ್ ತೆಗೆದುಕೊಳ್ಳುವಾಗಲೇ ಇರುತ್ತದೆ. ಮೇಜಿನ ಮೇಲೆ ಒಂದೇ ರಾಶಿ ಹಾಕಿಸಿಕೊಂಡರೆ ಮರುದಿನ 42 ಹೆಸರು ಕೂಗಬೇಕು. ಹಿಂದಿನ ಬೆಂಚಿನಿಂದ ಮುಂದಕ್ಕೆ ದಾಟಿಸಿ, ಸಾಲಿಗೊಂದು ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಮರುದಿನ ಒಂದು ನಿಮಿಷದೊಳಗೆ ಎಲ್ಲರ ಕೈಯಲ್ಲೂ ಪುಸ್ತಕ.

ಇನ್ನು ಸೂಚನೆ ಕೊಡುವ ಕ್ರಮ. ನನ್ನ ಲೆಕ್ಕದಲ್ಲಿ ಹೊಸಬರು ಹೆಚ್ಚು ಸೋಲುವುದು ಇಲ್ಲೇ. ‘ನೋಟ್‌ಬುಕ್ ತೆಗೀರಿ, 34ನೇ ಪುಟದ ಎರಡನೇ ಲೆಕ್ಕ...’ ಎನ್ನುತ್ತಿದ್ದಂತೆಯೇ ಬ್ಯಾಗಿನ ಜಿಪ್‌ಗಳು ಸರ್ರೆನ್ನುತ್ತವೆ. ಮಿಕ್ಕ ಮಾತು ಆ ಸದ್ದಿನಲ್ಲಿ ಮುಳುಗಿತು. ಆಮೇಲೆ ‘ಯಾವ ಪುಟ ಟೀಚರ್?’ ಎಂದು ಆರು ಸಲ. ಮಕ್ಕಳು ಕಿವಿಗೊಡಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವುದು ತಪ್ಪು, ಹೇಳಿದ ಮೊದಲ ಮಾತನ್ನು ಅವರು ಕೂಡಲೇ ಪಾಲಿಸಿದ್ದಾರೆ. ಅದಕ್ಕೇ ನನ್ನ ಮೊದಲ ವಾಕ್ಯ: ‘ನಾನು ಶುರು ಅನ್ನೋವರೆಗೂ ಯಾರೂ ಬ್ಯಾಗ್ ಮುಟ್ಟಬೇಡಿ.’ ಆಮೇಲೆ ಯಾವ ಕೆಲಸ, ಒಬ್ಬೊಬ್ಬರಾಗೋ ಜೊತೆಯಾಗೋ, ಎಷ್ಟು ನಿಮಿಷ, ಮುಗಿದವರು ಏನು ಮಾಡಬೇಕು. ಪುಟದ ಸಂಖ್ಯೆ ಬಾಯಲ್ಲಿ ಹೇಳಿದರೆ ಸಾಲದು, ಬೋರ್ಡಿನ ಮೇಲೂ ಇರಬೇಕು. ಒಬ್ಬರಿಂದ ಮತ್ತೆ ಹೇಳಿಸಿ, ಆಮೇಲೆ ‘ಶುರು’.

ಶುರು ಅಂದಮೇಲೆ 20 ಸೆಕೆಂಡು ನಿಂತಲ್ಲೇ ನಿಲ್ಲಬೇಕು. ಇದು ಕೇಳಲು ಸುಲಭ, ಮಾಡಲು ಕಷ್ಟ. ಯಾರೋ ಕೈ ಎತ್ತಿದರೆಂದು ಅವರ ಡೆಸ್ಕಿಗೆ ಬಗ್ಗಿದರೆ, ಇನ್ನೂ ಪೆನ್ನು ತೆಗೆಯದ ಹತ್ತು ಮಂದಿಗೆ ಅದೇ ಬಿಡುವು. ಕಣ್ಣು ನಾಲ್ಕೂ ಮೂಲೆ ಸುತ್ತಲಿ. ತಲೆಗಳು ಬಗ್ಗಿದ ಮೇಲೆ ಸಹಾಯಕ್ಕೆ ಹೋಗಿ.

ಸದ್ದು ನಿಲ್ಲಿಸುವ ಸಂಕೇತ ಒಂದೇ ಇರಲಿ. ಕೈ ಎತ್ತಿ ಐದರಿಂದ ಕೆಳಕ್ಕೆ ಎಣಿಸುವುದು ನನ್ನ ರೂಢಿ. ‘ಐದು, ಈ ಸಾಲು ಮುಗಿಸಿ. ನಾಲ್ಕು, ಪೆನ್ನು ಕೆಳಗೆ. ಮೂರು, ಇತ್ತ ನೋಡಿ.’ ಅಂಕಿ ಇಳಿದಂತೆ ದನಿಯೂ ಇಳಿಯಬೇಕು. ಕೊನೆಯ ಇಬ್ಬರು ಗುಸುಗುಸು ಅನ್ನುತ್ತಿದ್ದರೂ ಮಾತು ಶುರು ಮಾಡಬೇಡಿ. ಮಾಡಿದಿರೋ, ಇಬ್ಬರು ಮಾತಾಡುತ್ತಿರಬಹುದು ಎಂಬುದೇ ನಿಯಮವಾಯಿತು. ವಾರದೊಳಗೆ ಆ ಇಬ್ಬರು ಎಂಟು ಮಂದಿಯಾಗುತ್ತಾರೆ. ‘ಶ್ಶ್’ ಅನ್ನುವುದು ಬರೀ ಇನ್ನೊಂದು ಸದ್ದು.

ಪ್ರಶ್ನೆ ಕೇಳುವಾಗ ಹೆಸರು ಕೊನೆಗೆ. ಹೆಸರು ಮೊದಲು ಹೇಳಿದರೆ ಉಳಿದವರಿಗೆ ರಜೆ ಕೊಟ್ಟಹಾಗೆ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಹೆಸರು. ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದೇ ಸೆಕೆಂಡು, ಮೂರು ಸೆಕೆಂಡಾದರೂ ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅಧ್ಯಯನ ಮಾಡಿ ತೋರಿಸಿದ್ದಾರೆ. ಶಿಸ್ತಿಗೂ ಇದು ಕೆಲಸಕ್ಕೆ ಬರುತ್ತದೆ: ಆ ಮೂರು ಸೆಕೆಂಡು ಎಲ್ಲರೂ ಎಚ್ಚರ.

ಇಷ್ಟು ಮಾಡಿದರೂ ಕೆಲವರು ಉಳಿಯುತ್ತಾರೆ. ಒಬ್ಬ ಪಕ್ಕದವನನ್ನು ಪೆನ್ನಿನಿಂದ ಚುಚ್ಚುತ್ತಿದ್ದಾನೆ ಅನ್ನಿ. ಪಾಠ ನಿಲ್ಲಿಸದೆ, ಮಾತಾಡುತ್ತಲೇ ಅವನ ಡೆಸ್ಕಿನ ಹತ್ತಿರ ನಡೆಯಿರಿ. ಎಷ್ಟೋ ಸಲ ಅಲ್ಲಿಗೇ ಮುಗಿಯಿತು. ಮುಗಿಯದಿದ್ದರೆ ಡೆಸ್ಕಿನ ಮೇಲೆ ಪುಟ ತೋರಿಸಿ ಬೆರಳಿಡಿ. ಮೂರನೆಯದು ಮಾತು. ಎದುರು ನಿಲ್ಲದೆ ಪಕ್ಕದಲ್ಲಿ ಬಗ್ಗಿ, ಅವನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ‘ಪೆನ್ನು ಕೆಳಗಿಡು, ಎರಡನೇ ಲೆಕ್ಕ ಮಾಡು’ ಎಂದು ಹೇಳಿ ತಕ್ಷಣ ಹೊರಟುಬಿಡಿ. ಈ ಹೊರಟುಬಿಡುವುದೇ ಮುಖ್ಯ. ಅಲ್ಲೇ ನಿಂತು ದುರುಗುಟ್ಟಿದರೆ ಇಡೀ ತರಗತಿ ನೋಡುತ್ತಿರುತ್ತದೆ, ಹುಡುಗ ಸೋಲಲಾರ, ಮಾತಿಗೆ ಮಾತು ಬೆಳೆಯುತ್ತದೆ. ಬೆನ್ನು ತಿರುಗಿಸಿದರೆ ಗೊಣಗುತ್ತಲಾದರೂ ಪೆನ್ನು ಕೆಳಗಿಡುತ್ತಾನೆ. ಗೊಣಗಲಿ ಬಿಡಿ, ಅದನ್ನು ಹಿಡಿದುಕೊಂಡು ಎರಡನೇ ಜಗಳ ಮಾಡಬಾರದು. ‘ಯಾಕೋ ಹೀಗೆ ಮಾಡ್ತೀಯಾ?’ ಅನ್ನುವುದಂತೂ ಬೇಡವೇ ಬೇಡ. ಅದಕ್ಕೆ ಯಾವ ಮಗುವಿನ ಹತ್ತಿರವೂ ಉತ್ತರವಿರುವುದಿಲ್ಲ.

ಅದೇ ಮಗು, ಅದೇ ತೊಂದರೆ ಮರುಕಳಿಸುತ್ತಿದ್ದರೆ ಐದು ದಿನ ಬರೆದಿಡುತ್ತೇನೆ. ಒಂದು ಪುಟ, ನಾಲ್ಕು ಕಾಲಂ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ಕಿತು. ಕೊನೆಯ ಕಾಲಂ ಗುಟ್ಟು ಬಿಡಿಸುತ್ತದೆ. ಪ್ರತಿ ಸಲವೂ ಗಟ್ಟಿಯಾಗಿ ಓದುವ ಸರದಿ ಬರುವ ಮುಂಚೆ ಗಲಾಟೆ, ಪ್ರತಿ ಸಲವೂ ಹೊರಗೆ ಕಳಿಸಿದ್ದು ಎಂದಾದರೆ ಶಿಕ್ಷೆಯೆಂದು ನಾವು ಕೊಟ್ಟದ್ದು ಅವನಿಗೆ ಬಿಡುಗಡೆ. ಹೊರಗೆ ಕಳಿಸಿದಷ್ಟೂ ಗಲಾಟೆ ಹೆಚ್ಚುತ್ತದೆ. ಅಲ್ಲಿ ಬೇಕಾದದ್ದು ಓದಲು ಸಹಾಯ: ಹಿಂದಿನ ದಿನವೇ ನಾಲ್ಕು ಸಾಲು ಗುರುತು ಮಾಡಿಕೊಟ್ಟು, ಅಷ್ಟನ್ನೇ ಓದಿಸಿ. ಬೋರ್ಡ್ ನೋಡಿ ಬರೆಯುವಾಗ ಮಾತ್ರ ತೊಂದರೆಯೆಂದರೆ ಮೊದಲು ಕಣ್ಣು ತೋರಿಸಲು ಹೇಳಬೇಕು.

ಗಮನ ಸೆಳೆಯಲು ಮಾಡುವ ಚೇಷ್ಟೆಗೆ ‘ಲಕ್ಷ್ಯ ಕೊಡಬೇಡಿ’ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ. ಅವನಿಗೆ ಬೇಕಿರುವುದು ನಮ್ಮ ಗಮನವಾದರೆ ಮಾತ್ರ ಅದು ಫಲಿಸುತ್ತದೆ. ಗೆಳೆಯರ ನಗು ಬೇಕಿದ್ದರೆ ನಾವು ನೋಡದಿದ್ದರೂ ಸಿಗುತ್ತಲೇ ಇರುತ್ತದೆ, ಆಗ ಜಾಗ ಬದಲಿಸಬೇಕು. ಇನ್ನೊಂದು, ಲಕ್ಷ್ಯ ಕೊಡುವುದನ್ನು ನಿಲ್ಲಿಸಿದ ಹೊಸದರಲ್ಲಿ ಚೇಷ್ಟೆ ಕಡಿಮೆಯಾಗುವ ಬದಲು ಜೋರಾಗಬಹುದು. ಮೂರನೇ ದಿನ ತಾಳ್ಮೆ ತಪ್ಪಿ ಕೂಗಿದರೆ, ಇಷ್ಟು ಜೋರು ಮಾಡಿದರೆ ಸಿಗುತ್ತದೆ ಎಂದು ನಾವೇ ಕಲಿಸಿದಂತೆ. ಸುಮ್ಮನಿರುವಷ್ಟೇ ಮುಖ್ಯವಾದದ್ದು, ಅವನು ಸರಿಯಾಗಿ ಕೈ ಎತ್ತಿದ ಆ ಒಂದು ಸಲ ತಕ್ಷಣ ಅವಕಾಶ ಕೊಡುವುದು. ಹೊಡೆದಾಟ, ಅವಮಾನ ಮಾಡುವ ಮಾತು ಇವಕ್ಕೆ ಮಾತ್ರ ಕಣ್ಣುಮುಚ್ಚುವ ಪ್ರಶ್ನೆಯೇ ಇಲ್ಲ.

ಮೂವರ ತಪ್ಪಿಗೆ ಇಡೀ ತರಗತಿಯ ಆಟದ ಪೀರಿಯಡ್ ಕಿತ್ತುಕೊಳ್ಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅಲ್ಲಿಯವರೆಗೆ ನಮ್ಮ ಪರ ಇದ್ದ ಮೂವತ್ತೊಂಬತ್ತು ಮಂದಿಯನ್ನೂ ಕಳೆದುಕೊಳ್ಳುತ್ತೇವೆ. ಮಾತಾಡಿದವರ ಹೆಸರು ಬೋರ್ಡಿಗೇರಿಸಿದರೆ ಕೆಲವರಿಗೆ ಅದೇ ಬಿರುದು. ಪರಿಣಾಮ ಚಿಕ್ಕದಿರಲಿ, ಅದೇ ದಿನ ಆಗಲಿ, ತಪ್ಪದೆ ಆಗಲಿ: ಬೆಲ್ ಆದಮೇಲೆ ಎರಡು ನಿಮಿಷ ನಿಂತು ಮಾತಾಡಿ ಹೋಗುವುದು ಸಾಕು. ‘ಒಂದು ತಿಂಗಳು ಆಟಕ್ಕೆ ಬಿಡಲ್ಲ’ ಎಂದು ಸಿಟ್ಟಿನಲ್ಲಿ ಹೇಳಿ ನಾಲ್ಕನೇ ದಿನ ಸಡಿಲಿಸುವುದಕ್ಕಿಂತ ಆ ಎರಡು ನಿಮಿಷಕ್ಕೆ ತೂಕ ಹೆಚ್ಚು. ಹೊಡೆಯುವುದನ್ನು ನಾನು ಉಪಾಯಗಳ ಸಾಲಿಗೇ ಸೇರಿಸುವುದಿಲ್ಲ. ಹೊಡೆಯುವವರು ಎದುರಿಗಿಲ್ಲದಾಗ ಹೇಗೆ ತಪ್ಪಿಸಿಕೊಳ್ಳಬೇಕು ಎಂಬುದಷ್ಟೇ ಅದು ಕಲಿಸುವ ಪಾಠ.

ಮನೆಗೆ ಮಾಡುವ ಮೊದಲ ಫೋನ್ ದೂರಿನದಾಗಬಾರದು. ಕಷ್ಟ ಕೊಡಬಹುದು ಎನ್ನಿಸಿದ ಮಕ್ಕಳ ಮನೆಗೆ ಮೊದಲ ಎರಡು ವಾರದೊಳಗೆ ಒಂದು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ, ಒಂದೇ ನಿಮಿಷ: ‘ಇವತ್ತು ಗುಂಪಿನ ಕೆಲಸದಲ್ಲಿ ಪಕ್ಕದವಳಿಗೆ ತಾನಾಗೇ ಹೇಳಿಕೊಟ್ಟಳು, ತಿಳಿಸೋಣ ಅಂತ ಮಾಡಿದೆ.’ ಮುಂದೆ ತೊಂದರೆಯ ಕರೆ ಮಾಡಿದಾಗ ಆ ಕಡೆಯ ದನಿಯೇ ಬೇರೆ ಇರುತ್ತದೆ.

ಉದ್ದ ರಜೆ ಮುಗಿಸಿ ಬಂದಾಗ ಇವೆಲ್ಲ ಅರ್ಧ ಮರೆತುಹೋಗಿರುತ್ತವೆ. ಮೊದಲ ಮೂರು ದಿನ ಪಾಠ ಸ್ವಲ್ಪ ಕಡಿಮೆ ಇಟ್ಟುಕೊಂಡು, ಎಡಮೂಲೆಯ ಪ್ರಶ್ನೆಗಳಿಂದ ಹಿಡಿದು ಐದರ ಎಣಿಕೆಯವರೆಗೆ ಮತ್ತೆ ಮೊದಲಿನಿಂದ ರೂಢಿ ಮಾಡಿಸುತ್ತೇನೆ.